ಕಬಡ್ಡಿ ಲೀಗಿನ ಅಪಘಾತ ವಿಮೆಯನ್ನು ನಿರಾಕರಿಸಿದ ಬಗ್ಗೆ ದೂರು

ಇವರಿಗೆ,
ಶಾಖಾ ವ್ಯವಸ್ಥಾಪಕರು ಹಾಗೂ ಕುಂದುಕೊರತೆ ಅಧಿಕಾರಿಗಳು

ಇವರಿಂದ,
ಕಾರ್ಯದರ್ಶಿ, ಯುವಕ ಮಂಡಲ
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ

ಮಾನ್ಯರೇ,

ನಮ್ಮ ಲೀಗಿನಲ್ಲಿ ಕಾಲು ಮುರಿದುಕೊಂಡ ಹುಡುಗನಿಗೆ ವಿಮೆಯ ಹಣ ಕೊಡುವುದಿಲ್ಲ ಎಂದು ನೀವು ಬರೆದ ಎರಡು ಸಾಲಿನ ಕಾಗದ ಗುರುವಾರ ಕೈಸೇರಿತು. ‘ವೃತ್ತಿಪರ ಕ್ರೀಡೆಯಲ್ಲಿ ಆದ ಗಾಯಕ್ಕೆ ಪಾಲಿಸಿ ಅನ್ವಯಿಸುವುದಿಲ್ಲ’ ಎಂಬುದು ನೀವು ಕೊಟ್ಟ ಕಾರಣ. ಹನ್ನೊಂದು ಸಲ ಫೋನು ಮಾಡಿದ್ದೇನೆ. ಮೂರು ಸಲ ಎರಡೆರಡು ಬಸ್ಸು ಬದಲಿಸಿ ಕಾಸರಗೋಡಿಗೆ ಬಂದಿದ್ದೇನೆ. ಒಮ್ಮೆಯೂ ದನಿ ಎತ್ತಿದವನಲ್ಲ. ಇನ್ನು ಬಾಯಿಮಾತಿನಿಂದ ಪ್ರಯೋಜನವಿಲ್ಲ ಎಂದು ಖಚಿತವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೈದಾನ ಪಂಚಾಯತಿನದು. ಆರು ಭಾನುವಾರಗಳ ಬಾಡಿಗೆ, ಠೇವಣಿ, ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ, ದೀಪಗಳಿಗೆ ತಾತ್ಕಾಲಿಕ ವಿದ್ಯುತ್ ಸಂಪರ್ಕ, ಎಲ್ಲವನ್ನೂ ಕಟ್ಟಬೇಕಾದಲ್ಲಿ ಕಟ್ಟಿ ರಶೀದಿ ಇಟ್ಟುಕೊಂಡಿದ್ದೇವೆ. ರಾತ್ರಿ ಹತ್ತರ ಒಳಗೆ ಮೈಕು ಆರಿಸಿದ್ದೇವೆ. ಆಟಗಾರರ ವಿಮೆಯ ಪ್ರತಿಯನ್ನು ಒಪ್ಪಿಸದೆ ಮೈದಾನ ಸಿಗುವುದಿಲ್ಲ ಎಂದು ಪಂಚಾಯತು ಹೇಳಿದಾಗಲೂ ನಾವು ಎದುರಾಡಲಿಲ್ಲ. 2022ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಫುಟ್‌ಬಾಲ್ ನೋಡಲು ಕಟ್ಟಿದ್ದ ಗ್ಯಾಲರಿ ಜನರ ಸಮೇತ ಕುಸಿದದ್ದನ್ನು ನೋಡಿದ ಮೇಲೆ ಯಾವ ಸಂಘಟಕನೂ ವಿಮೆ ಬೇಡ ಎನ್ನಲಾರ. ಆ ಕಾಗದವನ್ನು ಕೇಳಿದ್ದು ಸರಿ. ಅದನ್ನು ಮಾರಿದ ನೀವು ಈಗ ಮಾಡುತ್ತಿರುವುದು ಸರಿಯಲ್ಲ.

ಎಂಟು ತಂಡ, ತಂಡಕ್ಕೆ ಹನ್ನೆರಡು ಮಂದಿ, ಒಟ್ಟು 96 ಹುಡುಗರು. ತಲೆಗೆ 100 ರೂಪಾಯಿಯಂತೆ 9,600, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 11,328 ರೂಪಾಯಿ. ನಿಮ್ಮ ಏಜೆಂಟರು ನಮ್ಮ ಮಂಡಲದ ಜಗಲಿಯಲ್ಲಿ ಕುಳಿತು, ಬೆಲ್ಲದ ಕಾಫಿ ಕುಡಿದು, ಶುದ್ಧ ಕನ್ನಡದಲ್ಲಿ ಮಾತನಾಡಿ ಈ ಹಣ ಪಡೆದರು. ಅರ್ಜಿಯಲ್ಲಿ ‘ಉದ್ದೇಶ’ ಎಂಬಲ್ಲಿ ‘ಕಬಡ್ಡಿ ಲೀಗ್’ ಎಂದು ತಮ್ಮ ಕೈಯಾರೆ ಬರೆದರು. ಬಹುಮಾನದ ಮೊತ್ತ ಅಚ್ಚಾಗಿದ್ದ ನಮ್ಮ ಕರಪತ್ರವನ್ನು ಅರ್ಜಿಗೆ ಪಿನ್ನು ಚುಚ್ಚಿ ಸೇರಿಸಿದವರೂ ಅವರೇ. ಅಂದರೆ ಆಟ ಯಾವುದು, ಬಹುಮಾನ ಎಷ್ಟು ಎಂಬುದು ಪ್ರೀಮಿಯಂ ತೆಗೆದುಕೊಳ್ಳುವ ದಿನವೇ ನಿಮಗೆ ಗೊತ್ತಿತ್ತು. ಅಂದು ಇಲ್ಲದ ತಕರಾರು ಹುಡುಗನ ಕಾಲು ಮುರಿದ ಮೇಲೆ ಎಲ್ಲಿಂದ ಬಂತು?

ಅವನಿಗೆ ಇಪ್ಪತ್ನಾಲ್ಕು ವರ್ಷ. ಅಡಿಕೆ ಮರ ಹತ್ತುವುದು ಅವನ ಕೆಲಸ. ಮೂರನೆಯ ಭಾನುವಾರ ದಾಳಿಗೆ ಹೋದವನು ಬೋನಸ್ ಗೆರೆ ಮುಟ್ಟಿ ಹಿಂತಿರುಗುವಾಗ ಇಬ್ಬರು ಕ್ಯಾಚರ್‌ಗಳು ಹಿಡಿದರು. ಬಲಗಾಲು ಅಡಿಗೆ ಸಿಕ್ಕಿತು. ಸೌದೆ ಸೀಳಿದಂಥ ಆ ಸದ್ದು ಗೆರೆಯ ಹೊರಗೆ ನಿಂತಿದ್ದ ನನಗೆ ಕೇಳಿಸಿತು. ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟು ಹಾಕಿದ್ದಾರೆ. ಹದಿನಾಲ್ಕು ವಾರಗಳಿಂದ ಅವನಿಗೆ ಕೂಲಿ ಇಲ್ಲ. ನಿಮ್ಮ ಪಾಲಿಸಿಯಲ್ಲಿ ಬರೆದಿರುವಂತೆ ಚಿಕಿತ್ಸೆಗೆ 25,000, ಕೆಲಸ ಮಾಡಲಾಗದ ವಾರಕ್ಕೆ 1,000ದಂತೆ 14,000, ಒಟ್ಟು 39,000 ರೂಪಾಯಿ. ನಾವು ಕೇಳಿದ್ದು ಇಷ್ಟೇ.

ಕಳೆದ ತಿಂಗಳು ನಿಮ್ಮ ಶಾಖೆಯಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ಕಾಲು ಮುರಿದವನನ್ನೇ ಕರೆತನ್ನಿ ಎಂದು ಫೋನಿನಲ್ಲಿ ಹೇಳಿದವರು ನೀವು. ಊರುಗೋಲು ಹಿಡಿದವನನ್ನು ಬಸ್ಸಿನಲ್ಲಿ ತರಲಾಗದು ಎಂದು 1,400 ರೂಪಾಯಿ ಬಾಡಿಗೆ ಕೊಟ್ಟು ಆಟೋದಲ್ಲಿ ಕರೆತಂದೆವು. ಅವನ ತಾಯಿಯೂ ಬಂದಿದ್ದರು. ಹನ್ನೊಂದು ಗಂಟೆಗೆ ಬಂದವರನ್ನು ಒಂದೂವರೆಯವರೆಗೆ ಕೂರಿಸಿದಿರಿ. ಊಟದ ಹೊತ್ತಿಗೆ ಕರೆದ ಅಧಿಕಾರಿಗೆ ಪಂಚಾಯತಿನ ಅನುಮತಿ ಪತ್ರ ಕೊಟ್ಟೆ. ಅವರು ಅದನ್ನು ಒಮ್ಮೆ ನೇರ, ಒಮ್ಮೆ ತಲೆಕೆಳಗು ಹಿಡಿದು ನೋಡಿ, ‘ಇದು ತೆಲುಗೋ?’ ಎಂದರು. ಕನ್ನಡ ಎಂದೆ. ‘ಮಲಯಾಳದಲ್ಲಿ ತನ್ನಿ, ಇಲ್ಲವಾದರೆ ಇಂಗ್ಲಿಷಿಗೆ ಅನುವಾದಿಸಿ ನೋಟರಿಯ ಸಹಿ ಹಾಕಿಸಿ ತನ್ನಿ’ ಎಂದು ಕಾಗದವನ್ನು ಮೇಜಿನ ಅಂಚಿಗೆ ತಳ್ಳಿದರು. ಅದು ಕೆಳಗೆ ಬಿತ್ತು. ಹುಡುಗನ ತಾಯಿ ಬಗ್ಗಿ ಹೆಕ್ಕಿಕೊಂಡರು.

ಆಮೇಲೆ ಹುಡುಗನ ಕಡೆ ತಿರುಗಿ, ‘ಗಾಯ ತೋರಿಸು’ ಎಂದರು. ಆಸ್ಪತ್ರೆಯ ಎಕ್ಸ್‌ರೇ ಇದೆ, ಡಿಸ್ಚಾರ್ಜ್ ಚೀಟಿ ಇದೆ ಎಂದೆ. ಕೇಳಲಿಲ್ಲ. ಬ್ಯಾಂಡೇಜು ಬಿಚ್ಚಿಸಿದರು. ಸಾಲಿನಲ್ಲಿ ನಿಂತಿದ್ದ ಏಳೆಂಟು ಮಂದಿಯ ಎದುರು ಆ ಹುಡುಗ ಗೋಡೆಗೆ ಒರಗಿ, ಒಂದೇ ಕಾಲಿನಲ್ಲಿ ನಿಂತು, ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದುಕೊಂಡ. ಹೊಲಿಗೆಯ ಗುರುತುಗಳನ್ನು ಅಧಿಕಾರಿ ತಮ್ಮ ಸ್ವಂತ ಮೊಬೈಲಿನಲ್ಲಿ ಮೂರು ಫೋಟೋ ತೆಗೆದರು. ‘ಕೇರಳದಲ್ಲಿ ಬಿದ್ದವನನ್ನು ಕರ್ನಾಟಕಕ್ಕೆ ಏಕೆ ಒಯ್ದಿರಿ?’ ಎಂದು ಕೇಳಿದರು. ತಲಪಾಡಿಯ ಗಡಿ ದಾಟಿದರೆ ನಮಗೆ ಮಂಗಳೂರೇ ಹತ್ತಿರ. 2020ರಲ್ಲಿ ಆ ಗಡಿ ಮುಚ್ಚಿದಾಗ ಆಸ್ಪತ್ರೆಗೆ ತಲುಪಲಾಗದೆ ನಮ್ಮ ಕಡೆಯ ರೋಗಿಗಳು ಪ್ರಾಣ ಬಿಟ್ಟದ್ದು ಈ ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ತಿಳಿದಿರಬೇಕು. ಕೊನೆಗೆ ಅವರು ಹುಡುಗನನ್ನು ಕೇಳಿದ ಪ್ರಶ್ನೆ ಇದು: ‘ಮರ ಹತ್ತಿ ಬಿದ್ದು, ಕಬಡ್ಡಿಯ ಲೆಕ್ಕಕ್ಕೆ ಸೇರಿಸಿದ್ದೀಯಲ್ಲವೇ?’ ಹುಡುಗ ಉತ್ತರಿಸಲಿಲ್ಲ. ಬ್ಯಾಂಡೇಜನ್ನು ಮತ್ತೆ ಸುತ್ತಿಕೊಳ್ಳಲು ಅವನಿಗೆ ಕೈ ನಡುಗುತ್ತಿತ್ತು. ಅವನ ತಾಯಿ ನೆಲದಲ್ಲಿ ಕುಳಿತು ಸುತ್ತಿಕೊಟ್ಟರು. ಒಂದು ಕುರ್ಚಿ ಸರಿಸಿಕೊಡಲು ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರೂ ಏಳಲಿಲ್ಲ. ಆ ಮೂರು ಫೋಟೋಗಳು ಈಗ ಯಾರ ಮೊಬೈಲಿನಲ್ಲಿವೆ ಎಂಬುದಕ್ಕೆ ನನಗೆ ಲಿಖಿತ ಉತ್ತರ ಬೇಕು.

ಕನ್ನಡದ ಕಾಗದದ ಬಗ್ಗೆ ಒಂದು ಮಾತು. ಕಾಸರಗೋಡಿನ ಕನ್ನಡಿಗರು ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಸಿಗಬೇಕು ಎಂದು ಕೇರಳದ 1969ರ ಆಡಳಿತ ಭಾಷಾ ಕಾನೂನೇ ಹೇಳುತ್ತದೆ. ಪಂಚಾಯತು ಕನ್ನಡದಲ್ಲಿ ಬರೆದ ಪತ್ರ ಈ ರಾಜ್ಯದ ಅಧಿಕೃತ ಪತ್ರ. ಅದನ್ನು ಓದಬಲ್ಲವರನ್ನು ಇಟ್ಟುಕೊಳ್ಳುವುದು ಇಲ್ಲಿ ಶಾಖೆ ತೆರೆದ ನಿಮ್ಮ ಹೊಣೆ.

ಇನ್ನು ‘ವೃತ್ತಿಪರ’ ಎಂಬ ಪದ. ವೃತ್ತಿಪರ ಕಬಡ್ಡಿ ಯಾವುದೆಂದು ಎಲ್ಲರಿಗೂ ಗೊತ್ತು. 2014ರಿಂದ ಪ್ರೊ ಕಬಡ್ಡಿ ನಡೆಯುತ್ತಿದೆ, ಅಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ, ಒಪ್ಪಂದದ ಸಂಬಳವಿರುತ್ತದೆ. ನಮ್ಮ ಲೀಗಿನ ಮೊದಲ ಬಹುಮಾನ 10,001 ರೂಪಾಯಿ. ಹನ್ನೆರಡು ಮಂದಿಗೆ ಹಂಚಿದರೆ ತಲೆಗೆ 833. ಅದೂ ಗೆದ್ದವರಿಗೆ. ಈ ಹುಡುಗನ ತಂಡ ಸೆಮಿಫೈನಲಿಗೂ ಬರಲಿಲ್ಲ. ಅವನು ಆಡಿ ಗಳಿಸಿದ್ದು ಒಂದು ಬನಿಯನು ಮತ್ತು ಎರಡು ಹೊತ್ತಿನ ಗಂಜಿ ಊಟ. ಅವನ ವೃತ್ತಿ ಮರ ಹತ್ತುವುದು. ಆ ವೃತ್ತಿಯೇ ಈಗ ನಿಂತಿದೆ.

ದೂರನ್ನು ಎರಡು ವಾರಗಳೊಳಗೆ ಇತ್ಯರ್ಥ ಮಾಡಬೇಕೆಂಬ ನಿಯಮ ನಿಮಗೆ ಗೊತ್ತಿದೆ. 39,000 ರೂಪಾಯಿ, ಆಟೋದ 1,400 ರೂಪಾಯಿ ಮತ್ತು ಆ ತಾಯಿಗೆ ಲಿಖಿತ ಕ್ಷಮೆಯಾಚನೆ, ಈ ಮೂರೂ ಅಷ್ಟರಲ್ಲಿ ಬರಬೇಕು. ಕ್ಷಮೆಯಾಚನೆ ಕನ್ನಡದಲ್ಲಿರಬೇಕು, ಏಕೆಂದರೆ ಅವರಿಗೆ ಓದಲು ಬರುವುದು ಅದೊಂದೇ.

ಬಾರದಿದ್ದರೆ, ಒಂದು ತಿಂಗಳು ತುಂಬಿದ ಮರುದಿನವೇ ಹುಡುಗನ ಸಹಿಯೊಂದಿಗೆ, ವಿಮೆಯ ದೂರುಗಳನ್ನು ವಿಚಾರಿಸುವ ಕೊಚ್ಚಿಯ ವಿಮಾ ಒಂಬುಡ್ಸ್‌ಮನ್‌ರಿಗೆ ದೂರು ಹೋಗುತ್ತದೆ. ಅಲ್ಲಿ ಶುಲ್ಕವಿಲ್ಲ. ಅಲ್ಲಿಯೂ ನ್ಯಾಯ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿಯೂ ಶುಲ್ಕವಿಲ್ಲ. ಅಂದು ಸಾಲಿನಲ್ಲಿ ನಿಂತು ಎಲ್ಲವನ್ನೂ ಕಂಡ ಇಬ್ಬರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಈ ಪತ್ರದ ಪ್ರತಿಯನ್ನು ಎಂಟೂ ತಂಡಗಳ ನಾಯಕರಿಗೆ, ಮೈದಾನ ಕೊಟ್ಟ ಪಂಚಾಯತಿಗೆ ಮತ್ತು ತಾಲೂಕಿನಲ್ಲಿ ಪಂದ್ಯಾಟ ನಡೆಸುವ ಎಲ್ಲ ಮಂಡಲಗಳಿಗೆ ಇಂದೇ ಕಳುಹಿಸಿದ್ದೇನೆ. ನಿಮ್ಮ ಏಜೆಂಟರು ಬರುವ ನವೆಂಬರಿನಲ್ಲಿ ಯಾವ ಜಗಲಿ ಹತ್ತಿದರೂ ಈ ಕಾಗದ ಅಲ್ಲಿ ಅವರಿಗಿಂತ ಮೊದಲೇ ತಲುಪಿರುತ್ತದೆ.

ಇತಿ,
ಕಾರ್ಯದರ್ಶಿ, ಯುವಕ ಮಂಡಲ

ಅಡಕ: ಪ್ರೀಮಿಯಂ ರಶೀದಿ, ಅರ್ಜಿಯ ಪ್ರತಿ, ಕರಪತ್ರ, ಪಂಚಾಯತಿನ ಅನುಮತಿ ಪತ್ರ (ಕನ್ನಡದಲ್ಲಿ), ಡಿಸ್ಚಾರ್ಜ್ ಚೀಟಿ, ಆಟೋ ಬಾಡಿಗೆಯ ಚೀಟಿ.