ರೈಟ್ ಪೋಯಿ ಅನ್ನುವ ಮೊದಲು ಒಂದು ಥ್ಯಾಂಕ್ಸ್

ಮಂಗಳೂರಿನ ಬಸ್ಸಿನಲ್ಲಿ "ರೈಟ್ ಪೋಯಿ", ಅಂದರೆ ರೈಟ್ ಹೋಗೋಣ, ಅನ್ನುವ ಕಂಡಕ್ಟರ್ ನಾನು. ನಿನ್ನೆಗೆ ಡ್ಯೂಟಿಗೆ ವಾಪಸ್ ಬಂದು ಒಂದು ತಿಂಗಳಾಯಿತು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್‌ಗೆ ದಿನಾ ನಮ್ಮ ಬಸ್ಸಿನಲ್ಲಿ ಬರುವವರು "ಎಂತ ಆಗಿತ್ತು ಮಾರಾಯ್ರೇ, ಕಾಣಲೇ ಇಲ್ಲ" ಅಂತ ಈಗಲೂ ಕೇಳುತ್ತಾರೆ. ಟಿಕೆಟ್ ಕೊಡುತ್ತಾ ಹೇಳಿ ಮುಗಿಸುವ ಕಥೆ ಅಲ್ಲ ಅದು. ಶುರು ಮಾಡಿದರೆ ಕೂಳೂರು ಸೇತುವೆ ಬರುವಾಗ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಥ್ಯಾಂಕ್ಸ್ ಹೇಳಲಿಕ್ಕೂ ತುಂಬಾ ಜನ ಇದ್ದಾರೆ.

ಆಟಿ ತಿಂಗಳು, ಹೊರಗೆ ಜೋರು ಮಳೆ. ಬೆಳಿಗ್ಗೆ ನಾಲ್ಕೂವರೆಗೆ ಅಲಾರಂ ಹೊಡೆಯಿತು. ಮೊಬೈಲ್ ತೆಗೆಯಲಿಕ್ಕೆ ಬಲಕ್ಕೆ ಹೊರಳಿದೆ, ಅಷ್ಟೇ. ಮಾಡಿನ ಪಕ್ಕಾಸು, ಹಂಚು, ಗೋಡೆಯ ಕ್ಯಾಲೆಂಡರ್ ಎಲ್ಲ ಗರಗರ ತಿರುಗಿತು. ಬಿದ್ದೇ ಹೋದೆ ಅಂತ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹಿಡಿದುಕೊಂಡದ್ದು ಏನನ್ನು ಗೊತ್ತಾ? ಚಾಪೆಯನ್ನು. ನಾನು ಮಲಗಿದ್ದದ್ದು ನೆಲದ ಮೇಲೆ. ಬೀಳಲಿಕ್ಕೆ ಅದಕ್ಕಿಂತ ಕೆಳಗೆ ಜಾಗವೇ ಇರಲಿಲ್ಲ.

ಅರ್ಧ ನಿಮಿಷಕ್ಕೆ ನಿಂತಿತು. ಎದ್ದೆ, ಮತ್ತೆ ಶುರು. ಒಂದು ವಾಂತಿಯೂ ಆಯಿತು.

22 ವರ್ಷ ಓಡುವ ಬಸ್ಸಿನಲ್ಲಿ ನಿಂತವನು ನಾನು. ಪಿವಿಎಸ್ ತಿರುವಿನಲ್ಲೂ ಕಂಬಿ ಹಿಡಿಯುವ ಅಭ್ಯಾಸ ಇಲ್ಲ. ಒಂದು ಕೈಯಲ್ಲಿ ಟಿಕೆಟ್, ಇನ್ನೊಂದರಲ್ಲಿ ಚಿಲ್ಲರೆ, ಬಾಯಲ್ಲಿ ವಿಶಿಲ್. ಬ್ರೇಕ್ ಬೀಳುವುದು ಪಾದಕ್ಕೆ ಮೊದಲೇ ಗೊತ್ತಾಗುತ್ತಿತ್ತು. ಅಂಥವನಿಗೆ ಸ್ನಾನದ ಮನೆಯಲ್ಲಿ ಮುಖಕ್ಕೆ ಸೋಪು ಹಾಕಿ ಕಣ್ಣು ಮುಚ್ಚಿದರೆ ಗೋಡೆ ಬೇಕಾಯಿತು.

ಮೊದಲು ತೋರಿಸಿದ ಕಡೆ ಬಿಪಿ ಅಂದರು. ಇನ್ನೊಂದು ಕಡೆ ಗ್ಯಾಸ್, ಜೊತೆಗೆ ಒಂದು ಸ್ಕ್ಯಾನ್. ಪಕ್ಕದ ಮನೆಯವರು ಆಟಿ ಅಮಾವಾಸ್ಯೆಗೆ ಕುಡಿದ ಪಾಲೆ ಕೆತ್ತೆ (ಪಾಲೆ ಮರದ ತೊಗಟೆ) ಕಷಾಯ ತಲೆಗೆ ಏರಿದೆ ಅಂದರು. ಮೂರು ವಾರ ಹೀಗೇ ಹೋಯಿತು, ಹಣವೂ ಹೋಯಿತು. ಆಮೇಲೆ ನಮ್ಮ ಬಸ್ಸಿನ ಧನಿಗಳೇ ಕಾರಿನಲ್ಲಿ ಕೂರಿಸಿ ಕಿವಿಯ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದರು. ತಲೆ ತಿರುಗಿದರೆ ಕಿವಿಗೆ ಎಂತ ಮದ್ದು ಅಂತ ನಾನು ದಾರಿಯಿಡೀ ಗೊಣಗಿದ್ದೆ. ಧನಿಗಳೇ, ಅದಕ್ಕೆ ಕ್ಷಮಿಸಿ.

ಡಾಕ್ಟ್ರಮ್ಮ ನನ್ನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಪಟ್ಟನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ. ರೂಮು ತಿರುಗಿತು. "ಕಣ್ಣು ಮುಚ್ಚಬೇಡಿ" ಅಂದರು. ಅವರು ನೋಡುತ್ತಿದ್ದದ್ದು ನನ್ನ ಕಣ್ಣಿನ ಗುಡ್ಡೆಯನ್ನೇ. ಅದು ತನ್ನಷ್ಟಕ್ಕೆ ಹಾರುತ್ತಿತ್ತಂತೆ. ಅವರ ಮುಖದಲ್ಲಿ ಒಂದು ಸಣ್ಣ ನಗು. ಕಾಯಿಲೆ ಸಿಕ್ಕಿತು ಅನ್ನುವ ನಗು.

ಆಮೇಲೆ ಒಂದು ಕಾಗದದಲ್ಲಿ ಚಿತ್ರ ಬಿಡಿಸಿ ತೋರಿಸಿದರು. ಕಿವಿಯ ಒಳಗೆ ಎರಡು ಸಣ್ಣ ಚೀಲ ಇವೆ. ಅದರಲ್ಲಿ ಲೋಳೆಯಂಥ ಪದರ, ಅದರ ಮೇಲೆ ಧೂಳಿನಷ್ಟು ಸಣ್ಣ ಹರಳುಗಳು. ಕ್ಯಾಲ್ಸಿಯಂ ಕಾರ್ಬೊನೇಟ್ ಹರಳು. ನಾವು ತಿಂದು ಬಿಸಾಡುವ ಮರುವಾಯಿಯ (ಕಪ್ಪೆಚಿಪ್ಪಿನ) ಚಿಪ್ಪು ಇದೆಯಲ್ಲ, ಅದೂ ಮುಖ್ಯವಾಗಿ ಇದೇ. ತಲೆ ಬಾಗಿಸಿದರೆ ಭೂಮಿ ಆ ಹರಳುಗಳನ್ನು ತನ್ನ ಕಡೆ ಎಳೆಯುತ್ತದೆ. ಲೋಳೆ ಜಾರುತ್ತದೆ, ಅಡಿಯ ಕೂದಲಿನಂಥ ಎಳೆಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ: ಕೆಳಗೆ ಅಂದರೆ ಈ ಕಡೆ. ಮೇಸ್ತ್ರಿಗಳ ತೂಗುಗುಂಡಿನ ಹಾಗೆ. ಎರಡೂ ಕಿವಿಯಲ್ಲಿ ಇದೆ, ನನಗೆ ಸುದ್ದಿಯೇ ಇರಲಿಲ್ಲ.

ಚೀಲದ ಪಕ್ಕದಲ್ಲೇ ನೀರು ತುಂಬಿದ ಮೂರು ಬಾಗಿದ ಕೊಳವೆ. ತಲೆ ತಿರುಗಿಸಿದ್ದನ್ನು ಹೇಳುವುದು ಅವುಗಳ ಕೆಲಸ. ನನ್ನ ಬಲಕಿವಿಯ ಕೆಲವು ಹರಳು ಸಡಿಲವಾಗಿ ಹಿಂದಿನ ಕೊಳವೆಗೆ ಬಿದ್ದಿದ್ದವು. ಹೊರಳಿದಾಗ ಅವು ಉರುಳುತ್ತವೆ, ನೀರೂ ಜೊತೆಗೆ ಸರಿಯುತ್ತದೆ. ಕೊಳವೆ "ತಿರುಗುತ್ತಿದ್ದೇವೆ" ಅನ್ನುತ್ತದೆ, ಬೆನ್ನಡಿಯ ನೆಲ "ಇಲ್ಲ" ಅನ್ನುತ್ತದೆ. ಮಿದುಳು ಯಾರನ್ನು ನಂಬಬೇಕು ಹೇಳಿ?

ಇದಕ್ಕೆ ಮದ್ದು ಮಾತ್ರೆ ಅಲ್ಲ, ಅದೇ ಭೂಮಿಯ ಎಳೆತ. ಅಮೆರಿಕದ ಜಾನ್ ಎಪ್ಲಿ ಅನ್ನುವ ಡಾಕ್ಟರ್ ಕಂಡುಹಿಡಿದದ್ದಂತೆ. ಬಲಕ್ಕೆ ತಿರುಗಿಸಿ ಮಲಗಿಸಿದರು, ತಲೆಯನ್ನು ನಿಧಾನ ಎಡಕ್ಕೆ ತಂದರು, ಮೈಯನ್ನೂ ಎಡಕ್ಕೆ ಹೊರಳಿಸಿ ಮುಖ ನೆಲದ ಕಡೆ ಮಾಡಿದರು, ಆಮೇಲೆ ಎಬ್ಬಿಸಿದರು. ಒಂದೊಂದು ಕಡೆ ಅರ್ಧ, ಒಂದು ನಿಮಿಷ. ಡಬ್ಬದ ಮೂಲೆಯಲ್ಲಿ ಸಿಕ್ಕಿದ ಸಾಸಿವೆಯನ್ನು ಡಬ್ಬ ತಿರುಗಿಸಿ ತಿರುಗಿಸಿ ಬಾಯಿಗೆ ತರುತ್ತೇವಲ್ಲ, ಹಾಗೆ ನನ್ನ ಹರಳನ್ನು ಉರುಳಿಸಿ ಚೀಲಕ್ಕೆ ವಾಪಸ್ ಹಾಕಿದರು. ಐದು ನಿಮಿಷ ಆಗಿರಬಹುದು. ಮರುವಾರ ಇನ್ನೊಂದು ಸಲ. ತಿರುಗುವುದು ನಿಂತಿತು. ಡಾಕ್ಟ್ರಮ್ಮ, ನಿಮಗೆ ಕೈಮುಗಿದೆ. ಮತ್ತೆ ಬರಬಹುದು ಅಂತ ನೀವು ಹೇಳಿದ್ದು ನೆನಪುಂಟು. ಬಂದರೆ ಸೀದಾ ನಿಮ್ಮಲ್ಲಿಗೇ.

ಆದರೆ ಎರಡು ವಾರ ನಡಿಗೆ ಮಾತ್ರ ಹೊಯ್ದಾಡುತ್ತಿತ್ತು, ದೋಣಿಯಿಂದ ಈಗಷ್ಟೇ ಇಳಿದವರ ಹಾಗೆ. ಆಗ ಸ್ಟೇಟ್‌ಬ್ಯಾಂಕ್ ಮೀನು ಮಾರ್ಕೆಟ್ಟಿನ ಅಕ್ಕ ಒಬ್ಬರು ನನ್ನನ್ನು ನೋಡಿ ನಕ್ಕರು. "ಕಾಲು ನೋಡಿಕೊಂಡು ನಡೆದರೆ ಬೀಳ್ತಿ. ಎದುರಿನ ಕಂಬ ನೋಡು." ಎಷ್ಟೋ ವರ್ಷ ತಲೆಯ ಮೇಲೆ ಬುಟ್ಟಿ ಇಟ್ಟು ನಡೆದವರು. ಫಿಸಿಯೋದ ಹುಡುಗಿ ಹೇಳಿಕೊಟ್ಟದ್ದೂ ಇದೇ: ಒಂದು ಚುಕ್ಕೆ ನೋಡಿಕೊಂಡು ತಲೆ ಅಲ್ಲಾಡಿಸಬೇಕು, ಕಣ್ಣು ಚುಕ್ಕೆಯಿಂದ ಕದಲಬಾರದು. ಅಕ್ಕ ಫೀಸು ತೆಗೆದುಕೊಂಡಿಲ್ಲ, ಅಷ್ಟೇ ವ್ಯತ್ಯಾಸ.

ಸುರತ್ಕಲ್‌ನಲ್ಲಿ ಇಳಿಯುವ ಕಾಲೇಜು ಹುಡುಗನಿಗೂ ಥ್ಯಾಂಕ್ಸ್. ಮನೆಗೆ ಬಂದು ಸುಮ್ನೆ ಕೂತು ಮಾತಾಡಿಸಿದ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದರಲ್ಲ, ಅಲ್ಲಿ ಹೋದವರಿಗೆ ಮೊದಲ ದಿನಗಳಲ್ಲಿ ನನ್ನ ಹಾಗೇ ತಲೆ ಸುತ್ತುವುದು ಜಾಸ್ತಿಯಂತೆ. ಅಲ್ಲಿ ಭೂಮಿ ಎಳೆಯುವುದಿಲ್ಲ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. 400 ಕಿಲೋಮೀಟರ್ ಮೇಲೆ ಹೋದರೂ ಇಲ್ಲಿನ ಎಳೆತದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಇದೆ. ಆದರೆ ನಿಲ್ದಾಣ, ಮನುಷ್ಯ, ಕಿವಿಯ ಹರಳು ಎಲ್ಲ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಾ ಇರುತ್ತವೆ. ಯಾವುದೂ ಯಾವುದರ ಮೇಲೂ ಕೂರುವುದಿಲ್ಲ. ಹಾಗಾಗಿ ಕೆಳಗೆ ಅನ್ನುವುದೇ ಇಲ್ಲ. ಕಣ್ಣನ್ನೇ ನಂಬಬೇಕು.

ಅವನೇ ಇನ್ನೊಂದು ಹೇಳಿದ. ಹರಳಿಗೆ ಭೂಮಿ ಎಳೆದದ್ದೂ ಬಸ್ಸು ಎಳೆದದ್ದೂ ಒಂದೇ. ಬ್ರೇಕ್ ಹೊಡೆದಾಗ ಕಣ್ಣು ಮುಚ್ಚಿ ಕೂತವರಿಗೆ ಬಸ್ಸೇ ಇಳಿಜಾರಿನಲ್ಲಿ ಬಾಗಿದ ಹಾಗೆ ಅನಿಸುವುದು ಅದಕ್ಕೇ. ಐನ್‌ಸ್ಟೈನ್ 1907ರಲ್ಲಿ ಇಂಥದ್ದೇ ಒಂದು ಯೋಚನೆ ಹಿಡಿದು ಮುಂದೆ ಹೋದದ್ದಂತೆ. ನಾನು 22 ವರ್ಷ ಅದರ ಮಧ್ಯವೇ ನಿಂತು ಚಿಲ್ಲರೆ ಎಣಿಸುತ್ತಿದ್ದೆ!

ಮನೆಯವಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ನಗುತ್ತಾಳೆ. ಆರು ವಾರ ಸ್ನಾನದ ಮನೆ ಬಾಗಿಲ ಹೊರಗೆ ನಿಂತು "ಆಯ್ತಾ? ಆಯ್ತಾ?" ಅಂತ ಕೇಳುತ್ತಿದ್ದಳು. ಬೀಡಿ ಕಟ್ಟಿ ಕೂಡಿಟ್ಟ ಹಣದಲ್ಲಿ ಸ್ಕ್ಯಾನಿನ ಬಿಲ್ ಕಟ್ಟಿದ್ದೂ ಅವಳೇ.

ಕೊನೆಗೆ ನಮ್ಮ ಡ್ರೈವರಣ್ಣ. ನಾನಿಲ್ಲದಾಗ ಬದಲಿ ಹುಡುಗನಿಗೆ ಕೆಲಸ ಕಲಿಸಿ, ನನ್ನ ಜಾಗ ಹಾಗೇ ಇಟ್ಟರು. ವಾಪಸ್ ಬಂದ ದಿನ ವಿಶಿಲ್ ಒರೆಸಿ ಕೈಗೆ ಕೊಟ್ಟರು. ಅಣ್ಣಾ, ನಿಮಗೆ ಎಷ್ಟು ಹೇಳಿದರೂ ಕಡಿಮೆ. ಆದರೆ ಒಂದು ಮಾತು. ಪಿವಿಎಸ್ ತಿರುವಿನಲ್ಲಿ ನನಗೋಸ್ಕರ ನಿಧಾನ ಮಾಡುವುದನ್ನು ಇನ್ನು ಬಿಡಿ. ಒಂದು ತಿಂಗಳಿಂದ ಹಿಂದಿನ ಬಸ್ಸಿನವರು ದಿನಾ ನಮ್ಮನ್ನು ದಾಟಿ ಲಾಲ್‌ಬಾಗ್‌ನ ಜನ ಎಲ್ಲ ತುಂಬಿಕೊಂಡು ಹೋಗುತ್ತಿದ್ದಾರೆ.