ಗಾಳ ನುಂಗಿದ ಮೀನು: ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನ ಮೆಸೇಜ್ ಓದಿದೆ. ಮೀನು ಗಾಳವನ್ನು ಪೂರ್ತಿ ನುಂಗಿಬಿಟ್ಟಿತ್ತು, ಎಷ್ಟು ತಿರುಗಿಸಿದರೂ ಬರಲಿಲ್ಲ, ಕೊನೆಗೆ ಕಣ್ಣು ಮುಚ್ಚಿ ಎಳೆದೆ, ಗಾಳ ಬಂತು, ಮೀನೂ ಈಜಿಕೊಂಡು ಹೋಯಿತು, ಆದರೂ ಯಾಕೋ ಸಮಾಧಾನ ಇಲ್ಲ ಅಂತ ಬರೆದಿದ್ದೀಯ. ಸಮಾಧಾನ ಇಲ್ಲದಿರೋದೇ ಸರಿ ಕಣೇ. ಬೈಯುತ್ತಿಲ್ಲ. ಎಲ್ಲರ ಕೈಯೂ ಮೊದಲು ಹೋಗೋದು ಎಳೆಯೋದಕ್ಕೇ. ಫೋನಿನಲ್ಲಿ ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಉತ್ತರ ಚಿಕ್ಕದು. ಗಾಳ ಗಂಟಲು ದಾಟಿ ಒಳಗೆ ಹೋಗಿದ್ದರೆ ಅದನ್ನು ತೆಗೆಯೋಕೆ ಹೋಗಬೇಡ. ದಾರ ಕತ್ತರಿಸು, ಮೀನನ್ನು ಬಿಡು.

ಕೇಳೋಕೆ ಕ್ರೂರವಾಗಿದೆ ಅಲ್ವಾ? ಹೊಟ್ಟೆಯೊಳಗೆ ಕಬ್ಬಿಣದ ಕೊಕ್ಕೆ ಇಟ್ಟುಕೊಂಡು ಅದು ಹೇಗೆ ಬದುಕುತ್ತದೆ ಅಂತ ಅನಿಸುತ್ತದೆ. ಗಾಳ ತೆಗೆದರೆ ನಮ್ಮ ತಪ್ಪನ್ನು ನಾವೇ ಸರಿಮಾಡಿದ ಹಾಗೆ, ಬಿಟ್ಟರೆ ಕೈತೊಳೆದುಕೊಂಡ ಹಾಗೆ. ಆದರೆ ಆ ಎಳೆದಾಟದಿಂದ ಹಗುರಾಗೋದು ನಮ್ಮ ಮನಸ್ಸು ಮಾತ್ರ. ಮೀನಿಗೆ ಅದರಿಂದ ಒಳ್ಳೆಯದಾಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಮೀನಿನ ಬಾಯಿ ಅಗಲಿಸಿ ಬೆಳಕಿಗೆ ಹಿಡಿದು ನೋಡು. ಎರಡೂ ಪಕ್ಕ ಕಿವಿರಿನ ಕಮಾನುಗಳು ಕಾಣುತ್ತವೆ. ಅವು ಮುಗಿಯುವ ಜಾಗದಲ್ಲಿ, ನಡುವೆ, ದಾರ ಎಳೆದು ಬಿಗಿದ ಚೀಲದ ಬಾಯಿಯ ಹಾಗೆ ಸುಕ್ಕುಸುಕ್ಕಾಗಿ ಮುಚ್ಚಿಕೊಂಡಿರುವುದೇ ಅನ್ನನಾಳದ ಬಾಗಿಲು. ಮೀನಿಗೆ ನಮ್ಮ ಹಾಗೆ ಕುತ್ತಿಗೆ ಇಲ್ಲ, ಎದೆಗೂಡು ಇಲ್ಲ. ಆ ಬಾಗಿಲಿನ ಕೆಳಗೇ, ಕಿವಿರುಗಳಿಗೆ ಅಂಟಿಕೊಂಡ ಹಾಗೆ ಹೃದಯ ಇರುತ್ತದೆ. ಅದರ ಹಿಂದೆಯೇ ಲಿವರ್. ಸಣ್ಣ ಮೀನಿನಲ್ಲಿ ಅನ್ನನಾಳಕ್ಕೆ ಚುಚ್ಚಿಕೊಂಡ ಗಾಳದ ತುದಿಗೂ ಹೃದಯಕ್ಕೂ ನಡುವೆ ಇರುವ ಜಾಗ ತೀರಾ ಕಮ್ಮಿ. ಇನ್ನು ಗಾಳದ ತುದಿಯ ಹಿಂದೆ ಬಾರ್ಬ್ ಇದೆಯಲ್ಲ, ಆ ಹಿಮ್ಮುಖ ಮುಳ್ಳು, ಅದು ಇರೋದೇ ಗಾಳ ಹಿಂದಕ್ಕೆ ಬರಬಾರದು ಅಂತ. ನೀನು ಎಳೆದಾಗ ಅದು ಹೋದ ದಾರಿಯಲ್ಲಿ ವಾಪಸ್ ಬರುವುದಿಲ್ಲ, ಹೊಸ ದಾರಿ ಹರಿದುಕೊಂಡು ಬರುತ್ತದೆ.

ಕಿವಿರಿನ ಕಥೆ ಇನ್ನೂ ಸೂಕ್ಷ್ಮ. ಮೀನಿನ ಹೃದಯದಿಂದ ಹೊರಟ ರಕ್ತ ಮೈಗೆ ಹೋಗುವ ಮೊದಲು ಕಿವಿರಿಗೆ ಹೋಗುತ್ತದೆ. ಅಂದರೆ ಕಿವಿರು ಹರಿಯಿತು ಅಂದರೆ ಮುಖ್ಯ ನಲ್ಲಿಯೇ ಒಡೆದಂತೆ. ಮೊದಲೇ ಮೀನಿನ ಮೈಯಲ್ಲಿ ರಕ್ತ ಕಡಿಮೆ. ಅದಕ್ಕೇ ಕಿವಿರಿಗೆ ಬೆರಳು ಹಾಕಿ ಮೀನು ಎತ್ತುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

"ಈಜಿಕೊಂಡು ಹೋಯಿತು" ಅಂದೆಯಲ್ಲ, ಅದನ್ನು ಸಾಕ್ಷಿ ಅಂತ ತಗೋಬೇಡ. ಒಳಗೆ ಗಾಯವಾದ ಮೀನು ಬಾಲ ಬಡಿದು ಹೋಗಿಯೇ ಹೋಗುತ್ತದೆ. ಸಾಯೋದು ಆಮೇಲೆ. ಕೆಲವು ಗಂಟೆಗಳ ನಂತರ, ಇಲ್ಲಾ ಕೆಲವು ದಿನಗಳ ನಂತರ, ನಮ್ಮ ಕಣ್ಣಿಗೆ ಕಾಣದ ಕಡೆ.

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಕೆನಡಾದ ಸಂಶೋಧಕರು ಬ್ಲೂಗಿಲ್ ಅನ್ನುವ ಅಂಗೈ ಅಗಲದ ಮೀನುಗಳ ಮೇಲೆ ಮಾಡಿದ ಒಂದು ಅಧ್ಯಯನ 2009ರಲ್ಲಿ ಬಂತು. ಗಾಳ ಆಳಕ್ಕೆ ಇಳಿದ ಮೀನುಗಳಲ್ಲಿ ಒಂದಷ್ಟರ ಗಾಳ ತೆಗೆದರು, ಇನ್ನೊಂದಷ್ಟರ ದಾರ ಮಾತ್ರ ಕತ್ತರಿಸಿದರು. 48 ಗಂಟೆಯಲ್ಲಿ, ಗಾಳ ತೆಗೆಸಿಕೊಂಡ ಮೀನುಗಳಲ್ಲಿ ಶೇ. 33 ಸತ್ತವು, ದಾರ ಕತ್ತರಿಸಿ ಬಿಟ್ಟವುಗಳಲ್ಲಿ ಶೇ. 8. ಹತ್ತು ದಿನ ಕಳೆಯುವಾಗ ಅದು ಶೇ. 44 ಮತ್ತು ಶೇ. 12.5 ಆಗಿತ್ತು. ನನಗೆ ಇಷ್ಟವಾದದ್ದು ಇನ್ನೊಂದು ಸಂಗತಿ. ದಾರ ಕತ್ತರಿಸಿದ ಮೀನುಗಳಲ್ಲಿ ಹೆಚ್ಚಿನವು ಆ ಹತ್ತು ದಿನದೊಳಗೆ ಗಾಳವನ್ನು ತಾವಾಗಿಯೇ ಹೊರಹಾಕಿದ್ದವು! ನಾವು ಇಕ್ಕಳ ಹಿಡಿದು ಒದ್ದಾಡುವ ಕೆಲಸವನ್ನು ಮೀನು ತನ್ನ ಪಾಡಿಗೆ ತಾನು ಮಾಡಿಕೊಳ್ಳುತ್ತದೆ. ಎಲ್ಲ ಜಾತಿಯ ಮೀನಿಗೂ ಇದೇ ಅಂಕಿ ಬರುತ್ತದೆ ಅಂತಲ್ಲ. ಆದರೆ ಬೇರೆ ಮೀನುಗಳಲ್ಲಿ ನೋಡಿದಾಗಲೂ ತಕ್ಕಡಿ ಸಾಮಾನ್ಯವಾಗಿ ವಾಲಿರೋದು ದಾರ ಕತ್ತರಿಸುವ ಕಡೆಗೇ.

ಒಳಗೇ ಉಳಿದ ಗಾಳ ತುಕ್ಕು ಹಿಡಿದು ಸವೆಯುತ್ತದೆ, ಕೆಲವು ಸಲ ಅದರ ಸುತ್ತ ಮಾಂಸ ಬೆಳೆದು ಮುಚ್ಚಿಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಗಾಳ ಮಾತ್ರ ಸುಲಭಕ್ಕೆ ಸವೆಯುವುದಿಲ್ಲ. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವವರಿಗೆ ಅದು ಬೇಡ. ನಿನ್ನ ಡಬ್ಬಿಯಲ್ಲಿ ಇದ್ದರೆ ತೆಗೆದಿಡು.

ಈಗ ಕೆಲಸದ ವಿಷಯಕ್ಕೆ ಬರೋಣ. ಎಲ್ಲ ಗಾಳವನ್ನೂ ಬಿಟ್ಟುಬಿಡು ಅಂತ ನಾನು ಹೇಳುತ್ತಿಲ್ಲ. ತುಟಿ, ಕೆನ್ನೆ, ದವಡೆಯ ಮೂಲೆ, ಇಲ್ಲೆಲ್ಲಾ ಸಿಕ್ಕಿದ್ದರೆ ತೆಗೆಯಲೇಬೇಕು, ಕಷ್ಟವೂ ಇಲ್ಲ. ನಾನು ನೋಡೋದು ಗಾಳದ ಬಾಗಿದ ಭಾಗವನ್ನು. ಅದು ಕಣ್ಣಿಗೆ ಕಾಣುತ್ತಿದೆಯಾ? ಉದ್ದ ಮೂತಿಯ ಇಕ್ಕಳ ಕಿವಿರಿಗೆ ತಾಗದೆ ಅಲ್ಲಿಗೆ ಮುಟ್ಟುತ್ತದಾ? ಎರಡಕ್ಕೂ ಹೌದು ಅಂದರೆ, ಬಾಗಿದ ಭಾಗವನ್ನೇ ಹಿಡಿದು, ಮೊದಲು ಸ್ವಲ್ಪ ಒಳಕ್ಕೆ ಒತ್ತಿ ಸಡಿಲ ಮಾಡಿ, ಹೋದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ ತೆಗೆ. ಒಂದು ಸಲ ನೋಡು, ಬೇಕಿದ್ದರೆ ಇನ್ನೊಂದು ಸಲ. ಬರಲಿಲ್ಲವೋ, ಕತ್ತರಿ ತಗೋ. ದಾರ ಸೀದಾ ಗಂಟಲೊಳಗೆ ಇಳಿದಿದೆ, ಗಾಳವೇ ಕಾಣುತ್ತಿಲ್ಲ ಅಂದರೆ ಇಣುಕಿ ನೋಡುವುದೂ ಬೇಡ, ನೇರವಾಗಿ ಕತ್ತರಿ.

ಕತ್ತರಿಸೋದರಲ್ಲೂ ಒಂದು ಹದ ಇದೆ. ಮೀನು ನೀರಿನಲ್ಲೇ ಇರಲಿ, ಕೈಬಲೆಯೊಳಗೆ. ಕೈ ಒದ್ದೆ ಮಾಡಿಕೋ, ಒಣ ಕೈಗೆ ಮೀನಿನ ಮೈಮೇಲಿನ ಲೋಳೆ ಅಂಟಿಕೊಂಡು ಬರುತ್ತದೆ, ಆ ಲೋಳೆಯೇ ಅದಕ್ಕೆ ರೋಗ ತಗಲದಂತೆ ಕಾಯುವ ಮೊದಲ ಪದರ. ದಾರವನ್ನು ಹಿಡಿದು ಮೀನನ್ನು ಎತ್ತಬೇಡ. ಅದರ ಇಡೀ ಭಾರ ಆಗ ಗಂಟಲೊಳಗಿನ ಆ ಒಂದು ಮುಳ್ಳಿನ ಮೇಲೆ ಬೀಳುತ್ತದೆ. ಗಾಳ ನುಂಗಿದೆ ಅಂತ ಅನುಮಾನ ಬಂದ ಕೂಡಲೇ ರೀಲ್ ಸ್ವಲ್ಪ ಬಿಟ್ಟು ದಾರ ಸಡಿಲ ಮಾಡು. ಆಮೇಲೆ ಎರಡು ಬೆರಳಲ್ಲಿ ದಾರ ಹಿಡಿದು, ಎಳೆಯದೆ ಸುಮ್ನೆ ನೆಟ್ಟಗೆ ಮಾಡಿ, ಕತ್ತರಿಯ ತುದಿ ಬಾಯೊಳಗೆ ಎಷ್ಟು ದೂರ ಆರಾಮಾಗಿ ಹೋಗುತ್ತದೋ ಅಲ್ಲಿ ಕಚಕ್ ಅನ್ನಿಸು. ಗಾಳಕ್ಕೆ ಹತ್ತಿರವಾದಷ್ಟೂ ಒಳ್ಳೆಯದು, ಆದರೆ ಹತ್ತಿರ ಹೋಗಬೇಕು ಅಂತ ಗಂಟಲು ಕೆದಕಬೇಡ. ಮೊಳ ಉದ್ದದ ದಾರ ಮಾತ್ರ ಬಾಯಿಂದ ನೇತಾಡುತ್ತಾ ಹೋಗಬಾರದು, ಅದು ಗಿಡಗಂಟಿಗೋ ಕಲ್ಲಿಗೋ ಸಿಕ್ಕಿಹಾಕಿಕೊಂಡರೆ ಮೀನಿನ ಕಥೆ ಮುಗಿಯಿತು.

ಕಿವಿರಿನ ಕಮಾನಿಗೇ ಸಿಕ್ಕಿಕೊಂಡಿದ್ದರೆ ಮತ್ತು ಗಾಳದ ಕಡ್ಡಿ, ಅಂದರೆ ಅದರ ನೇರ ಭಾಗ, ಹೊರಗೆ ಕಾಣುತ್ತಿದ್ದರೆ, ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್‌ನಿಂದ ಗಾಳವನ್ನೇ ತುಂಡು ಮಾಡೋದು ಉಂಟು. ತುಂಡಾದ ಗಾಳ ಎಷ್ಟೋ ಸಲ ತಾನಾಗಿಯೇ ಜಾರಿ ಬರುತ್ತದೆ. ಮೂರು ಕೊಂಡಿಯ ಗಾಳಕ್ಕೂ ಇದೇ ಮದ್ದು. ಅದರಲ್ಲಿ ಒಂದು ಕೊಂಡಿ ಬಿಡಿಸುವಷ್ಟರಲ್ಲಿ ಇನ್ನೊಂದು ನಿನ್ನ ಬೆರಳಿಗೇ ಚುಚ್ಚಿರುತ್ತದೆ.

ಕಿವಿರಿನ ಸಂದಿಯಿಂದ ಇಕ್ಕಳ ತೂರಿಸಿ ಗಾಳವನ್ನು ಪಲ್ಟಿ ಹೊಡೆಸಿ ಬಾಯಿಯಿಂದ ತೆಗೆಯುವ ವಿಡಿಯೋ ನೀನು ನೋಡಿರುತ್ತೀಯ. ಸುಳ್ಳಲ್ಲ ಅದು. ಬಾಯಿ ದೊಡ್ಡದಿರುವ ಬಾಸ್ ಥರದ ಮೀನಿನಲ್ಲಿ, ಕೈ ಪಳಗಿದವರು, ಕೆಲವೇ ಸೆಕೆಂಡಿನಲ್ಲಿ ಮಾಡಿ ತೋರಿಸುತ್ತಾರೆ. ಆದರೆ ಇಕ್ಕಳ ಒಂದು ಚೂರು ಆಚೀಚೆ ಆದರೆ ತಾಗೋದು ಕಿವಿರಿಗೇ. ಒದ್ದಾಡುವ ಮೀನು, ನಡುಗುವ ಕೈ, ಇವೆರಡೂ ಸೇರಿದಾಗ ಅದು ಬೇಡ ಅಂತ ನನ್ನ ಅಭಿಪ್ರಾಯ. ಯಾರಾದರೂ ಗೊತ್ತಿರುವವರು ಪಕ್ಕದಲ್ಲಿ ನಿಂತು ಕಲಿಸಿದರೆ ನೋಡೋಣ.

ಇನ್ನೊಂದು ತಮಾಷೆ ಇದೆ. ಕಿವಿರಿನಿಂದ ರಕ್ತ ಬಂದರೆ ಸೋಡಾ, ಕೋಲಾ ಸುರಿಯಿರಿ, ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ. ಪೈಕ್ ಮೀನುಗಳ ಮೇಲೆ ಅದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ, ಏನೂ ಉಪಯೋಗ ಕಾಣಲಿಲ್ಲ. ಅದನ್ನು ಸುರಿಯೋಕೆ ಮೀನನ್ನು ನೀರಿನಿಂದ ಹೊರಗೆ ಹಿಡಿಯಬೇಕಲ್ಲ, ನಷ್ಟ ಅಲ್ಲೇ ಶುರು. ಸೋಡಾ ನೀನೇ ಕುಡಿ.

ನೀರಿನಿಂದ ಹೊರಗೆ ಅಂದೆನಲ್ಲ, ಅದೇ ದೊಡ್ಡ ವಿಷಯ. ಕಿವಿರಿನ ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ, ಗಾಳಿಗೆ ಬಂದ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರು ನಿಲ್ಲುತ್ತದೆ. 1992ರ ಒಂದು ಅಧ್ಯಯನದಲ್ಲಿ ರೇನ್‌ಬೋ ಟ್ರೌಟ್ ಮೀನುಗಳನ್ನು ಸುಸ್ತಾಗುವವರೆಗೆ ಓಡಾಡಿಸಿದರು. ನೀರಿನಲ್ಲೇ ಬಿಟ್ಟವುಗಳಲ್ಲಿ ಶೇ. 12 ಸತ್ತವು. ಅದೇ ಥರ ಸುಸ್ತಾದವನ್ನು 30 ಸೆಕೆಂಡ್ ಗಾಳಿಯಲ್ಲಿ ಇಟ್ಟಾಗ ಶೇ. 38, ಒಂದು ನಿಮಿಷ ಇಟ್ಟಾಗ ಶೇ. 72. ಗಾಳದ ಗಾಯವೇ ಇಲ್ಲದ ಮೀನುಗಳ ಲೆಕ್ಕ ಇದು! ನೀನು ಇಕ್ಕಳ ಹುಡುಕುವ ಹೊತ್ತು, ಬಾಯೊಳಗೆ ಕೆದಕುವ ಹೊತ್ತು, ಆಮೇಲೆ ಫೋಟೋ ಹೊತ್ತು, ಎಲ್ಲ ಕೂಡಿಸಿ ನೋಡು. ನುಂಗಿದ ಮೀನಿಗೆ ಫೋಟೋ ಬೇಡವೇ ಬೇಡ. ಬೇಸಿಗೆಯಲ್ಲಿ ಇನ್ನೂ ಬಿಗಿ ಮಾಡು. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ, ಮೀನಿಗೆ ಬೇಕಾಗೋದು ಮಾತ್ರ ಜಾಸ್ತಿ.

ಬಿಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬಹುದು, ನೀರಿನಲ್ಲೇ. ಮೀನನ್ನು ನಿಧಾನವಾಗಿ ಪಕ್ಕಕ್ಕೆ ವಾಲಿಸಿ ಅದರ ಕಣ್ಣು ನೋಡು. ಚೇತರಿಸಿಕೊಂಡಿರುವ ಮೀನಿನ ಕಣ್ಣು ಮೈಯ ಜೊತೆ ತಿರುಗುವುದಿಲ್ಲ, ಗೂಡಿನೊಳಗೆ ಹೊರಳಿ ಮಟ್ಟವಾಗಿ ನಿಲ್ಲೋಕೆ ನೋಡುತ್ತದೆ. ಮೈ ಹೋದ ಕಡೆ ಕಣ್ಣೂ ಬೊಂಬೆಯ ಕಣ್ಣಿನಂತೆ ಹೋಯಿತು ಅಂದರೆ ಇನ್ನೂ ಹೊತ್ತು ಬೇಕು. ಬಾಲದ ಬುಡ ಮೆಲ್ಲಗೆ ಹಿಡಿದಾಗ ಝಾಡಿಸಿ ಓಡೋಕೆ ನೋಡಿದರೆ ಅದೂ ಒಳ್ಳೆಯ ಲಕ್ಷಣ. ಇಲ್ಲದಿದ್ದರೆ ನೇರವಾಗಿ ಹಿಡಿದು, ಹರಿಯುವ ನೀರಿದ್ದರೆ ತಲೆ ಹರಿವಿಗೆ ಎದುರಾಗಿ ಇರಲಿ. ಹಿಂದೆ ಮುಂದೆ ಆಡಿಸುವವರಿದ್ದಾರೆ, ಅದು ಬೇಡ. ನೀರು ಬಾಯಿಂದ ಒಳಗೆ ಹೋಗಿ ಕಿವಿರಿನಿಂದ ಹೊರಗೆ ಬರಬೇಕು, ಹಿಂದಕ್ಕೆ ಎಳೆದರೆ ಅದು ಉಲ್ಟಾ. ಹೋಗಬೇಕು ಅನಿಸಿದಾಗ ಅದೇ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ಬದುಕುವುದಿಲ್ಲ. ಕಿವಿರಿನಿಂದ ಧಾರೆಯಾಗಿ ರಕ್ತ ಹೋಗುತ್ತಿದ್ದರೆ, ಆ ಕೆರೆ-ಹೊಳೆಯಲ್ಲಿ ಮೀನು ಹಿಡಿಯುವ ನಿಯಮ ಒಪ್ಪಿದರೆ, ಆ ಮೀನನ್ನು ಬಿಡುವ ನಾಟಕ ಮಾಡದೆ ಅಲ್ಲೇ ತಲೆಗೊಂದು ಪೆಟ್ಟು ಕೊಟ್ಟು ಮನೆಗೆ ತಗೊಂಡು ಹೋಗು. ಅಳತೆಗಿಂತ ಸಣ್ಣದು, ಅಥವಾ ಹಿಡಿಯುವ ಕಾಲವಲ್ಲ ಅಂದರೆ ಬಿಡಲೇಬೇಕು, ಬದುಕಲಿ ಬಿಡಲಿ. ಅಂಥ ಮೀನು ಒಂದರ ಹಿಂದೊಂದು ನುಂಗುತ್ತಿವೆ ಅಂದರೆ ಅವತ್ತಿಗೆ ಜಾಗ ಬದಲಾಯಿಸು, ಇಲ್ಲಾ ಎರೆ ಬದಲಾಯಿಸು.

ಹಾಗೆ ನೋಡಿದರೆ ನುಂಗದ ಹಾಗೆ ಮಾಡೋದೇ ಅರ್ಧ ಕೆಲಸ. ಎರೆಹುಳ ಹಾಕಿ, ರಾಡ್ ಊರಿ, ಫೋನ್ ನೋಡುತ್ತಾ ಕೂತರೆ ಮೀನು ನುಂಗದೆ ಇನ್ನೇನು ಮಾಡುತ್ತದೆ ಹೇಳು! ಬೆಂಡು ಅಲುಗಿದಾಗಲೇ ಗಮನಿಸು, ದಾರ ಸಡಿಲ ಬಿಟ್ಟು ಕಾಯಬೇಡ. ಮೀನಿನ ಬಾಯಿಗೆ ಹೋಲಿಸಿದರೆ ತೀರಾ ಸಣ್ಣ ಗಾಳ ಸುಲಭವಾಗಿ ಒಳಗಿಳಿಯುತ್ತದೆ, ಒಂದು ಸೈಜ್ ದೊಡ್ಡದು ಹಾಕಿ ನೋಡು. ಬಾರ್ಬನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೋ. ಒಂದೆರಡು ಮೀನು ತಪ್ಪಿಸಿಕೊಳ್ಳಬಹುದು, ಹೇಗೂ ಬಿಡುವವಳು ತಾನೆ ನೀನು.

ನಿಜವಾಗಿ ವ್ಯತ್ಯಾಸ ಮಾಡೋದು ಸರ್ಕಲ್ ಹುಕ್ ಅನ್ನುವ ದುಂಡನೆಯ ಗಾಳ. ಅದರ ತುದಿ ಒಳಕ್ಕೆ, ಕಡ್ಡಿಯ ಕಡೆಗೇ ತಿರುಗಿರುತ್ತದೆ. ಮೀನು ನುಂಗಿದರೂ ದಾರ ಬಿಗಿಯಾದಾಗ ಗಂಟಲಿಗೆ ಚುಚ್ಚದೆ ಜಾರುತ್ತಾ ಬಂದು ದವಡೆಯ ಮೂಲೆಯಲ್ಲಿ ಹೊರಳಿ ಕೂರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2004ರಲ್ಲಿ ನೋಡಿದಾಗ, ಬಿಟ್ಟ ಮೀನುಗಳ ಸಾವು ಸರ್ಕಲ್ ಹುಕ್‌ನಿಂದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ಮೀನಿನ ಜಾತಿಯ ಮೇಲೆ ಏರುಪೇರು ಇದ್ದೇ ಇದೆ. ಆದರೆ ಅದಕ್ಕೆ ನಿನ್ನ ಅಭ್ಯಾಸ ಬದಲಾಗಬೇಕು. ಮೀನು ಕಚ್ಚಿದ ಕೂಡಲೇ ರಾಡ್ ಜಗ್ಗುತ್ತೀಯಲ್ಲ, ಇದರಲ್ಲಿ ಹಾಗೆ ಮಾಡಿದರೆ ಗಾಳ ಬಾಯಿಂದ ಸುಮ್ನೆ ಹೊರಗೆ ಬರುತ್ತದೆ. ಜಗ್ಗಬೇಡ, ಮೀನು ದಾರ ಎಳೆದುಕೊಂಡು ಹೊರಟಾಗ ನಿಧಾನವಾಗಿ ರೀಲ್ ಸುತ್ತಿ ಬಿಗಿ ಮಾಡು. ಕೊಳ್ಳುವಾಗ ತುದಿ ಪಕ್ಕಕ್ಕೆ ವಾಲಿದ್ದನ್ನು ತರಬೇಡ. ಗಾಳವನ್ನು ಮೇಜಿನ ಮೇಲೆ ಮಲಗಿಸಿದರೆ ಪೂರ್ತಿ ಚಪ್ಪಟೆಯಾಗಿ ಕೂರಬೇಕು, ತುದಿ ಎದ್ದು ನಿಂತರೆ ಅದು ವಾಲಿದ್ದು, ಅಂಥದ್ದು ಗಂಟಲಿಗೂ ಚುಚ್ಚುತ್ತದೆ.

ಕತ್ತರಿ, ಉದ್ದ ಮೂತಿಯ ಇಕ್ಕಳ, ಕಟಿಂಗ್ ಪ್ಲೇಯರ್, ಈ ಮೂರೂ ಡಬ್ಬಿಯ ತಳದಲ್ಲಿ ಇರಬಾರದು, ಗಾಳ ಹಾಕುವ ಮೊದಲೇ ಕೈಗೆ ಸಿಗುವ ಕಡೆ ಇರಲಿ. ಕತ್ತರಿಯನ್ನು ದಾರ ಕಟ್ಟಿ ಸೊಂಟಕ್ಕೆ ನೇತುಹಾಕಿಕೋ. ನಿನ್ನ ಕೈಬಲೆ ಗಂಟು ಗಂಟಿನ ನೈಲಾನಿಂದು ಅಂತ ಹೋದ ಸಲದ ಫೋಟೋದಲ್ಲಿ ನೋಡಿದೆ. ಅದು ಲೋಳೆಯನ್ನೂ ಈಜುರೆಕ್ಕೆಯನ್ನೂ ಕೆರೆಯುತ್ತದೆ. ಗಂಟಿಲ್ಲದ ರಬ್ಬರ್ ಬಲೆ ನೋಡು. ಸಿಗದಿದ್ದರೆ ಹೇಳು, ನನ್ನದನ್ನೇ ಕಳಿಸುತ್ತೇನೆ, ಹಿಡಿ ಸ್ವಲ್ಪ ಅಲುಗುತ್ತದೆ ಅಷ್ಟೇ.

ನಿನ್ನ
ಅಪ್ಪ