ಹೆಸರು ಹುಡುಕಬೇಡ, ಸಂಚಿಕೆ ಓದು

ಪ್ರಿಯ ತಮ್ಮ,

ಅಮೆರಿಕದ ಮೂಕಿಚಿತ್ರಗಳ ಹಾಸ್ಯನಟ ಹ್ಯಾರಿ ಲ್ಯಾಂಗ್ಡನ್ ಕುರಿತ ನಿನ್ನ ಲೇಖನ ತಲುಪಿತು. ಬರವಣಿಗೆ ಚೆನ್ನಾಗಿದೆ, ಆದರೆ ಮೊದಲ ಸಾಲಿನಲ್ಲೇ ಆ ಬಡಪಾಯಿಯನ್ನು ಸೋಲಿಸಿಬಿಟ್ಟಿದ್ದೀಯ. ‘ಅಹಂಕಾರದಿಂದ ಕೆಟ್ಟ ನಗೆಗಾರ’ ಎಂಬ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು. 1927ರಲ್ಲಿ ಲ್ಯಾಂಗ್ಡನ್ ಕೆಲಸದಿಂದ ತೆಗೆದುಹಾಕಿದ ನಿರ್ದೇಶಕ ಫ್ರಾಂಕ್ ಕಾಪ್ರಾ, 1971ರ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ ಕಥೆ ಅದು. ಸುಳ್ಳೆನ್ನುತ್ತಿಲ್ಲ, ಕೆಲಸ ಕಳೆದುಕೊಂಡವನು 44 ವರ್ಷಗಳ ಮೇಲೆ ಕೊಟ್ಟ ಸಾಕ್ಷ್ಯವೊಂದನ್ನೇ ನೆಚ್ಚಿ ತೀರ್ಪು ಬರೆಯಬೇಡ.

ಅದಕ್ಕೇ ಆ ಕಾಲದ ಚಿತ್ರೋದ್ಯಮದ ಪತ್ರಿಕೆಗಳನ್ನು ನೋಡು ಎಂದದ್ದು. ನೀನು ನೋಡಿದ್ದು ಜಾಹೀರಾತುಗಳನ್ನು. ಸ್ಟುಡಿಯೋ ದುಡ್ಡು ಕೊಟ್ಟು ಹಾಕಿಸಿದ ಪುಟದಲ್ಲಿ ಯಾವ ಚಿತ್ರವೂ ಸೋತದ್ದಿಲ್ಲ. ಹಿಂದಿನ ಪುಟಗಳಿಗೆ ಹೋಗು. ಷಿಕಾಗೋದ ‘ಎಕ್ಸಿಬಿಟರ್ಸ್ ಹೆರಾಲ್ಡ್’ನಲ್ಲಿ ‘ಈ ಚಿತ್ರ ನನಗೇನು ಮಾಡಿತು’ ಎಂಬರ್ಥದ ಅಂಕಣವೊಂದಿತ್ತು. ಸಣ್ಣ ಅಕ್ಷರ, ಒತ್ತೊತ್ತಾದ ಕಾಲಂ. ಜನ ನಕ್ಕರೋ ಇಲ್ಲವೋ, ಮಳೆ ಬಂದು ಕೆಟ್ಟಿತೋ, ಗಲ್ಲಾ ತುಂಬಿತೋ ಎಂದು ಚಿತ್ರಮಂದಿರದ ಮಾಲೀಕರು ನಾಲ್ಕು ಸಾಲು ಗೀಚಿ, ಕೊನೆಗೆ ಮಂದಿರದ ಹೆಸರು, ಊರು ಬರೆಯುತ್ತಿದ್ದರು. ಅವರೂ ಸತ್ಯಹರಿಶ್ಚಂದ್ರರೇನಲ್ಲ. ಕಣ್ಣಿಂದ ನೋಡದ ಚಿತ್ರಗಳನ್ನು ಒಟ್ಟಿಗೇ ಬಾಡಿಗೆಗೆ ಹಿಡಿಯಬೇಕಿದ್ದ ಕಾಲ. ಅವರ ಗೊಣಗಾಟದಲ್ಲಿ ಚೌಕಾಶಿಯೂ ಬೆರೆತಿರುತ್ತದೆ.

ಡಿಜಿಟಲ್ ಸಂಗ್ರಹದಲ್ಲಿ ಹೆಸರು ಟೈಪಿಸಿ, ಸಿಕ್ಕ ಪುಟಗಳನ್ನಷ್ಟೇ ಓದಿದ್ದೀಯ. ನಾನೂ ಹಾಗೆ ಬರೆದು ನಾಚಿಕೊಂಡವನೇ. 1928ರ ಸಂಚಿಕೆಗಳನ್ನು ಮಗುಚುತ್ತಾ ಹೋಗು: ಲ್ಯಾಂಗ್ಡನ್ ಹೆಸರೇ ಇಲ್ಲದ ಪುಟಗಳಲ್ಲಿ ಧ್ವನಿಯಂತ್ರಗಳ ಜಾಹೀರಾತುಗಳು ಸಾಲುಗಟ್ಟಿವೆ. ಇವನೋ, ಮುಖಕ್ಕೆ ಬಿಳಿ ಬಳಿದುಕೊಂಡ ದೊಡ್ಡ ಮಗು. ಕಣ್ಣು ಪಿಳಿಪಿಳಿಸಿ, ಕೈ ಎತ್ತಲೋ ಬೇಡವೋ ಎಂದು ಅರ್ಧಕ್ಕೇ ನಿಲ್ಲಿಸಿ, ಆ ತಡವರಿಕೆಯಿಂದಲೇ ನಗಿಸಿದವನು. ಸೋಲು ಶುರುವಾದದ್ದು ಚಿತ್ರಗಳಿಗೆ ಮಾತು ಬರುವ ಮುಂಚೆಯೇ, ನಿಜ. ಆದರೆ ಬಿದ್ದವನು ಏಳುವಷ್ಟರಲ್ಲಿ ಅಂಗಳವೇ ಬದಲಾಗಿತ್ತು. ಇದಕ್ಕೆ ನಿನ್ನ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ!

‘ಕಣ್ಮರೆಯಾದ’ ಎಂಬ ಪದವನ್ನೂ ಹೊಡೆದುಹಾಕು. 1944ರಲ್ಲಿ ಸಾಯುವವರೆಗೂ ಅವನು ದುಡಿದ. ಕಿರುಚಿತ್ರಗಳಲ್ಲಿ ನಟಿಸಿದ, ಲಾರೆಲ್-ಹಾರ್ಡಿ ಜೋಡಿಯ ಚಿತ್ರಗಳಿಗೆ ಬರೆದ. ಪತ್ರಿಕೆಯಲ್ಲಿ ಅವನ ಹೆಸರಿನ ಅಕ್ಷರ ಸಣ್ಣದಾಯಿತು, ಅಷ್ಟೇ.

ಅವನೇ ನಿರ್ದೇಶಿಸಿದ ‘ಹಾರ್ಟ್ ಟ್ರಬಲ್’ (1928) ಕಳೆದುಹೋದ ಚಿತ್ರ. ಜನ ನಕ್ಕರೋ ಆಕಳಿಸಿದರೋ ಎಂದು ತಿಳಿಯಲು ಆ ಅಂಕಣಗಳನ್ನೇ ಕೆದಕಬೇಕು. ಜನವರಿ ಸಂಚಿಕೆಯಿಂದ ಶುರು ಮಾಡು. ಆ ತಿಂಗಳೇ ‘ಹೆರಾಲ್ಡ್’, ‘ಮೂವಿಂಗ್ ಪಿಕ್ಚರ್ ವರ್ಲ್ಡ್’ ಪತ್ರಿಕೆಯನ್ನು ತನ್ನೊಳಗೆ ಸೇರಿಸಿಕೊಂಡು ಹೆಸರು ಉದ್ದ ಮಾಡಿಕೊಂಡಿದೆ, ಹುಡುಕುವಾಗ ಗಾಬರಿಯಾಗಬೇಡ. ಎರಡನೆಯ ಕರಡನ್ನು ಹದಿನೈದು ದಿನ ಬಿಟ್ಟು ಕಳಿಸು.

ಇಂತಿ,
ನಿನ್ನ ಅಣ್ಣ